ಜ್ಯೂರಿಯಿಂದ 95, ಜನರಿಂದ 5: ಸ್ಪೇನಿನ ‘ಎಯಾಎಯಾ’ ಸೋತದ್ದು ಭಾಷೆಯಿಂದಲಾ?

ನಡುರಾತ್ರಿ_ಕೇಳುಗ

2023ರ ಯೂರೋವಿಷನ್ (ದೇಶಕ್ಕೊಂದು ಹಾಡಿನ ಹಾಗೆ ಕಳಿಸಿ ವರ್ಷಕ್ಕೊಮ್ಮೆ ಸ್ಪರ್ಧಿಸುವ ಯೂರೋಪಿನ ಹಾಡಿನ ಸ್ಪರ್ಧೆ) ಮಾತು ಬಂದರೆ ಸಾಕು, ಸ್ವೀಡನ್ನಿನ ಲೊರೀನ್ ಗೆದ್ದದ್ದು ಸರಿಯಾ, ಫಿನ್‌ಲ್ಯಾಂಡಿನ ಕ್ಯಾರಿಯಾ ಗೆಲ್ಲಬೇಕಿತ್ತಾ ಅಂತ ವಾದ ಶುರುವಾಗುತ್ತದೆ. ನನ್ನನ್ನು ಇವತ್ತಿಗೂ ಕಾಡುವುದು ಅವೆರಡೂ ಅಲ್ಲ. ಆ ವರ್ಷ ಸ್ಪೇನ್ ಕಳಿಸಿದ ‘ಎಯಾಎಯಾ’. ಹಾಡಿದವರು ಬ್ಲಾಂಕಾ ಪಲೋಮಾ.

ಕೇಳಿಲ್ಲದವರಿಗೆ ಎರಡು ಮಾತು. ಇದೊಂದು ಜೋಗುಳ. ಬ್ಲಾಂಕಾ ತಮ್ಮ ಅಜ್ಜಿಯ ನೆನಪಿನಲ್ಲಿ, ಗಿಟಾರ್ ವಾದಕ ಹೊಸೆ ಪಾಬ್ಲೊ ಪೋಲೊ ಜೊತೆ ಸೇರಿ ಕಟ್ಟಿದ್ದು. ನಾವು ಜೋ ಜೋ ಅಂತ ತೂಗುವ ಹಾಗೆ ಅಲ್ಲಿ ಎಯಾ ಎಯಾ ಅಂತ ತೂಗುತ್ತಾರೆ. ಆದರೆ ಮಗು ಮಲಗುವ ಹಾಡಲ್ಲ ಇದು. ದಕ್ಷಿಣ ಸ್ಪೇನಿನ ಫ್ಲಮೆಂಕೊ ಸಂಗೀತದ ಬುಲೆರೀಯಾ ಅನ್ನುವ ತಾಳ, ಕೆಳಗೆ ಎಲೆಕ್ಟ್ರಾನಿಕ್ ಸದ್ದು, ವೇದಿಕೆ ತುಂಬ ಕೆಂಪು ಬೆಳಕು, ಸುತ್ತ ಹೆಂಗಸರ ಚಪ್ಪಾಳೆ. ಬ್ಲಾಂಕಾ ದನಿ ಪಿಸುಮಾತಿನಿಂದ ಶುರುವಾಗಿ ಎದೆ ಹಿಂಡುವ ಕೂಗಿನವರೆಗೆ ಹೋಗುತ್ತದೆ.

ಫೈನಲ್ ನಡೆದದ್ದು ಮೇ 13ರಂದು, ಲಿವರ್‌ಪೂಲಿನಲ್ಲಿ. ನಮ್ಮಲ್ಲಿ ಆಗ ರಾತ್ರಿ ಹನ್ನೆರಡೂವರೆ. ಸ್ಪರ್ಧೆಗೆ ಮುಂಚೆ ಬೆಟ್ಟಿಂಗ್ ಪಟ್ಟಿಗಳಲ್ಲಿ ಸ್ಪೇನ್ ಮೇಲಿನ ಸಾಲಿನಲ್ಲೇ ಇತ್ತು. ಕೊನೆಗೆ ದೇಶ ದೇಶಗಳ ಸಂಗೀತ ತಜ್ಞರ ಜ್ಯೂರಿಗಳು ಕೊಟ್ಟದ್ದು 95 ಅಂಕ. ಇಡೀ ಯೂರೋಪಿನ ಪ್ರೇಕ್ಷಕರು ಸೇರಿ ಕೊಟ್ಟದ್ದು 5. ಒಟ್ಟು 100 ಅಂಕ, 26 ಹಾಡುಗಳಲ್ಲಿ 17ನೇ ಸ್ಥಾನ.

ಮಾರನೇ ದಿನದಿಂದಲೇ ಒಂದು ಮಾತು ಎಲ್ಲ ಕಡೆ ಓಡಾಡತೊಡಗಿತು: ‘ಸ್ಪ್ಯಾನಿಷ್‌ನಲ್ಲಿ ಹಾಡಿದರೆ ಇನ್ನೇನಾಗುತ್ತೆ, ಇಂಗ್ಲಿಷ್ ಸಾಲು ಒಂದೆರಡು ಸೇರಿಸಬೇಕಿತ್ತು.’ ಈ ಮಾತನ್ನು ನಾನು ಸುತಾರಾಂ ಒಪ್ಪುವುದಿಲ್ಲ. ಅದೇ ರಾತ್ರಿ ಜನರ ಮತದಲ್ಲಿ ಮೊದಲು ಬಂದದ್ದು ಕ್ಯಾರಿಯಾ ಹಾಡಿದ ಫಿನ್ನಿಷ್ ಹಾಡು. ‘ಚಾ ಚಾ ಚಾ’ಗೆ ಜನರಿಂದಲೇ 376 ಅಂಕ ಬಂತು. ಯೂರೋಪಿನಲ್ಲಿ ಫಿನ್ನಿಷ್ ಬಲ್ಲವರು ಎಷ್ಟು ಜನ ಇದ್ದಾರು? ಅದರ ಹಿಂದಿನ ವರ್ಷ ಗೆದ್ದದ್ದು ಉಕ್ರೇನಿಯನ್ ಹಾಡು, 2021ರಲ್ಲಿ ಇಟಾಲಿಯನ್. 2017ರಲ್ಲಿ ಪೋರ್ಚುಗಲ್ಲಿನ ಸಾಲ್ವಡೋರ್ ಸೊಬ್ರಾಲ್ ಕುಣಿತ ಇಲ್ಲ, ಬೆಂಕಿ ಇಲ್ಲ, ಸುಮ್ನೆ ನಿಂತು ಪೋರ್ಚುಗೀಸ್‌ನಲ್ಲಿ ಹಾಡಿ 758 ಅಂಕ ತೆಗೆದರು. ಜ್ಯೂರಿ, ಜನ ಎರಡೂ ಕಡೆ ಅವರೇ ಮೊದಲು.

ಹಾಗಾದರೆ ‘ಎಯಾಎಯಾ’ಗೆ ಏನಾಯಿತು? ಅದು ಅಂಕಪಟ್ಟಿಯ ಲೆಕ್ಕದಲ್ಲಿ ಕೆಳಗೆ ಹೋಯಿತು, ಹಾಡಾಗಿ ಸೋಲಲಿಲ್ಲ. ಇದು ನನ್ನ ವಾದ. ನೀವೇನಂತೀರಿ?

ಪಾಪ್_ಪ್ರಿಯೆ

ಭಾಷೆ ಕಾರಣ ಅಲ್ಲ ಅನ್ನುವುದು ಸರಿ. ಆದರೆ ಲೆಕ್ಕದ ಮೇಲೆ ತಪ್ಪು ಹೊರಿಸುವುದನ್ನು ನಾನು ಒಪ್ಪಲ್ಲ. ಹಾಡೇ ಜನರ ಹತ್ತಿರ ಹೋಗಲಿಲ್ಲ.

ಯೂರೋವಿಷನ್ ಹಾಡಿಗೆ ಸಿಗುವುದು 3 ನಿಮಿಷ. ನೋಡುತ್ತಿರುವವರಲ್ಲಿ ಹೆಚ್ಚಿನವರು ಆ ಹಾಡನ್ನು ಮೊದಲ ಸಲ ಕೇಳುತ್ತಿರುತ್ತಾರೆ. ಸ್ಪೇನ್ ನೇರವಾಗಿ ಫೈನಲ್‌ಗೆ ಬರುವ ದೇಶ. ಸೆಮಿಫೈನಲ್‌ನಲ್ಲಿ ಸ್ಪರ್ಧಿಸಬೇಕಾಗಿಲ್ಲ. ಹಾಗಾಗಿ ಆ ವರ್ಷ ಜನರ ಕಿವಿಗೆ ಪರಿಚಯ ಆಗುವ ಅವಕಾಶವೂ ಕಡಿಮೆ ಇತ್ತು. ಮೊದಲ ಸಲ ಕೇಳಿದವರು ಗುನುಗುವುದಕ್ಕೆ ಒಂದು ಸಾಲಾದರೂ ಬೇಡವಾ? ‘ಚಾ ಚಾ ಚಾ’ದಲ್ಲಿ ಇತ್ತು. 2022ರಲ್ಲಿ ಇದೇ ಸ್ಪೇನಿನ ಶನೆಲ್ ಹಾಡಿದ ‘ಸ್ಲೋಮೋ’ದಲ್ಲಿ ಇತ್ತು. ಕುಣಿತ ನೋಡಿದವರು ಕಣ್ಣು ತೆಗೆಯಲಿಲ್ಲ. 459 ಅಂಕ, 3ನೇ ಸ್ಥಾನ. ಅದರಲ್ಲಿ ಜ್ಯೂರಿಯಿಂದ 231, ಜನರಿಂದ 228. ಎರಡೂ ಹೆಚ್ಚುಕಮ್ಮಿ ಸಮ. 1995ರ ನಂತರ ಸ್ಪೇನಿಗೆ ಸಿಕ್ಕ ಅತ್ಯುತ್ತಮ ಸ್ಥಾನ ಅದು.

‘ಎಯಾಎಯಾ’ ಕೇಳಿ ನನಗೂ ಮೈ ಜುಮ್ ಅಂತು. ಆದರೆ ಹಾಡು ಮುಗಿದ ಮೇಲೆ ಏನು ಉಳಿಯಿತು ಅಂದರೆ ಕೆಂಪು ಬಣ್ಣ, ಚಪ್ಪಾಳೆ, ಅಷ್ಟೇ. ರಾಗ ನೆನಪಿಗೆ ಬರಲಿಲ್ಲ.

ಹೊಸಬ_ಇಲ್ಲಿಗೆ

ಒಂದು ದಡ್ಡ ಪ್ರಶ್ನೆ ಕೇಳಲಾ? 5 ಅಂದರೆ 5 ಜನ ಮತ ಹಾಕಿದರು ಅಂತಲಾ? ಕೋಟಿಗಟ್ಟಲೆ ಜನ ನೋಡುವ ಕಾರ್ಯಕ್ರಮ ಅಲ್ವಾ ಇದು?

ಲೆಕ್ಕದ_ಮೇಷ್ಟ್ರು

ದಡ್ಡ ಪ್ರಶ್ನೆ ಏನಲ್ಲ ಸ್ವಾಮಿ, ಗುಟ್ಟು ಇರುವುದೇ ಅಲ್ಲಿ.

ಒಂದೊಂದು ದೇಶದಲ್ಲೂ ಜನರ ಮತ ಎಣಿಸಿ ಸಾಲಾಗಿ ಜೋಡಿಸುತ್ತಾರೆ. ಮೊದಲು ಬಂದ ಹಾಡಿಗೆ 12, ಎರಡನೆಯದಕ್ಕೆ 10, ಆಮೇಲೆ 8ರಿಂದ ಇಳಿದು 1ರವರೆಗೆ. ಹತ್ತು ಹಾಡಿಗೆ ಮಾತ್ರ ಅಂಕ. ಹನ್ನೊಂದನೆಯದಕ್ಕೆ ಸೊನ್ನೆ. ಒಂದು ಹಾಡು ಎಲ್ಲ ದೇಶಗಳಲ್ಲೂ ಹನ್ನೊಂದನೇ ಸ್ಥಾನಕ್ಕೆ ಬಂದರೆ ಅದಕ್ಕೆ ಲಕ್ಷಾಂತರ ಮತ ಬಿದ್ದಿರಬಹುದು, ಅಂಕ ಮಾತ್ರ ಸೊನ್ನೆ. ಹಾಗಾಗಿ 5 ಅಂಕ ಅಂದರೆ ಜನ ತಿರಸ್ಕರಿಸಿದರು ಅಂತ ಅರ್ಥ ಅಲ್ಲ. ಬಹುತೇಕ ದೇಶಗಳಲ್ಲಿ ಮೊದಲ ಹತ್ತರೊಳಗೆ ಬರಲಿಲ್ಲ ಅಂತ ಮಾತ್ರ ಅರ್ಥ.

ಜ್ಯೂರಿಗೂ ಇದೇ 12, 10, 8ರ ಕ್ರಮವೇ. ಆದರೆ ಅಲ್ಲಿಗೆ ತಲುಪುವ ದಾರಿ ಬೇರೆ. ಆಗ ಒಂದು ದೇಶದ ಜ್ಯೂರಿಯಲ್ಲಿ 5 ಜನ ಇರುತ್ತಿದ್ದರು. ಪ್ರತಿಯೊಬ್ಬರೂ ಎಲ್ಲ ಹಾಡುಗಳನ್ನೂ ಮೊದಲಿನಿಂದ ಕೊನೆಯವರೆಗೆ ಜೋಡಿಸಲೇಬೇಕು. ಐವರೂ ಒಂದು ಹಾಡನ್ನು ಐದನೇ, ಆರನೇ ಸ್ಥಾನದಲ್ಲಿಟ್ಟರೆ ಅದು ಆರಾಮಾಗಿ ಅಂಕ ಗಿಟ್ಟಿಸುತ್ತದೆ. ಮನೆಯಲ್ಲಿ ಕೂತವರು ಹಾಗೆ ಜೋಡಿಸುವುದಿಲ್ಲ. ತುಂಬ ಹಿಡಿಸಿದ್ದಕ್ಕೆ ಮತ ಒತ್ತುತ್ತಾರೆ, ಮುಗಿಯಿತು. ತನಗೆ ಆರನೆಯದಾಗಿ ಇಷ್ಟವಾದ ಹಾಡಿಗೆ ದುಡ್ಡು ಕೊಟ್ಟು ಮತ ಹಾಕುವವರು ಯಾರಿದ್ದಾರೆ? ಆಗ ಒಬ್ಬೊಬ್ಬರು 20 ಸಲ ಮತ ಹಾಕಬಹುದಿತ್ತು. ಹುಚ್ಚು ಅಭಿಮಾನಿಗಳಿರುವ ಹಾಡಿಗೆ ಅದೂ ಅನುಕೂಲ.

ಇನ್ನೊಂದು ವಿಷಯ. ಆ ವರ್ಷ ಹೀಗಾದದ್ದು ಸ್ಪೇನಿಗೆ ಮಾತ್ರ ಅಲ್ಲ. ಎಸ್ಟೋನಿಯಾದ ಅಲಿಕಾ ಇಂಗ್ಲಿಷ್‌ನಲ್ಲೇ ಹಾಡಿದ್ದು. ಜ್ಯೂರಿ 146, ಜನ 22. ಆಸ್ಟ್ರೇಲಿಯಾದ ವಾಯೇಜರ್ ತಂಡವೂ ಇಂಗ್ಲಿಷ್‌ನಲ್ಲೇ. ಜ್ಯೂರಿ 130, ಜನ 21. ಭಾಷೆ ಕಾರಣ ಅನ್ನುವವರು ಇದಕ್ಕೆ ಏನು ಹೇಳುತ್ತಾರೆ?

ನಡುರಾತ್ರಿ_ಕೇಳುಗ

ಮೇಷ್ಟ್ರೇ, ನಾನು ಹೇಳಬೇಕಿದ್ದದ್ದನ್ನು ನೀವೇ ಹೇಳಿಬಿಟ್ಟಿರಿ. ಜೊತೆಗೆ ಸರದಿಯನ್ನೂ ನೋಡಿ. ಸ್ಪೇನ್ ಹಾಡಿದ್ದು 8ನೆಯದಾಗಿ. ಅದರ ಬೆನ್ನಿಗೇ 9ನೆಯದಾಗಿ ಬಂದವರು ಲೊರೀನ್, ಆ ರಾತ್ರಿ 583 ಅಂಕ ತೆಗೆದು ಗೆದ್ದವರು. ಕಷ್ಟಪಟ್ಟು ಒಂದು ಭಾವ ಕಟ್ಟಿಕೊಟ್ಟ ಹಾಡು ಮನಸ್ಸಿನಲ್ಲಿ ಕೂರುವಷ್ಟರಲ್ಲಿ ಲೊರೀನ್ ಹಾಡು ‘ಟ್ಯಾಟೂ’ ಬಂದು ಒರೆಸಿಬಿಟ್ಟಿತು. ಅದಾದ ಮೇಲೂ ಹದಿನೇಳು ಹಾಡು ಬಾಕಿ.

ತಕಿಟತಕ

ಪಾಪ್_ಪ್ರಿಯೆ ಅವರೇ, ‘ರಾಗ ನೆನಪಿಗೆ ಬರಲಿಲ್ಲ’ ಅಂದಿರಿ. ನಿಜ ಇರಬಹುದು. ಆದರೆ ಈ ಹಾಡಿನ ಜೀವ ರಾಗದಲ್ಲಿಲ್ಲ, ತಾಳದಲ್ಲಿದೆ. ನಾನು ಮೃದಂಗ ಕಲಿತವಳು. ಮೊದಲ ಸಲ ಕೇಳಿದಾಗ ನನ್ನ ಕೈ ತಾನಾಗೇ ತೊಡೆ ಮೇಲೆ ಹೋಯಿತು. ಆದರೆ ತಾಳ ಕೈಗೆ ಸಿಗಲಿಲ್ಲ.

ಬುಲೆರೀಯಾ ಅಂದರೆ 12 ಏಟಿನ ಸುತ್ತು. ಫ್ಲಮೆಂಕೊದವರು ಎಣಿಕೆಯನ್ನು ಹೆಚ್ಚಾಗಿ ಒಂದರಿಂದ ಶುರು ಮಾಡುವುದಿಲ್ಲ, ಹನ್ನೆರಡರಿಂದ ಶುರು ಮಾಡುತ್ತಾರೆ. ಒತ್ತು ಬೀಳುವುದು 12, 3, 6, 8, 10ರ ಮೇಲೆ. ನಮ್ಮ ಸೊಲ್ಲಿನಲ್ಲಿ ಹೇಳಬೇಕಾದರೆ ‘ತಕಿಟ ತಕಿಟ ತಕ ತಕ ತಕ’. ಮೂರು, ಮೂರು, ಎರಡು, ಎರಡು, ಎರಡು. ಬಾಯಲ್ಲಿ ಹೇಳಿಕೊಂಡು ಪ್ರತಿ ಸೊಲ್ಲಿನ ಮೊದಲ ಅಕ್ಷರಕ್ಕೆ ಒಂದು ತಟ್ಟು ಹಾಕಿ ನೋಡಿ. ಎರಡು ಸುತ್ತು ಆಗುವಷ್ಟರಲ್ಲಿ ಆ ನಡೆ ಮೈಗೆ ಹತ್ತುತ್ತದೆ. ಮೊದಲಿನ ಎರಡು ತಕಿಟದಲ್ಲಿ ಉಯ್ಯಾಲೆ ಹಿಂದಕ್ಕೆ ಹೋದ ಹಾಗೆ, ಆಮೇಲಿನ ಮೂರು ತಕದಲ್ಲಿ ರಭಸವಾಗಿ ಮುಂದಕ್ಕೆ ಬಂದ ಹಾಗೆ.

ಇನ್ನು ಚಪ್ಪಾಳೆ. ಅದಕ್ಕೆ ಪಾಲ್ಮಾಸ್ ಅನ್ನುತ್ತಾರೆ. ಫ್ಲಮೆಂಕೊದಲ್ಲಿ ಅದು ಪ್ರೇಕ್ಷಕರ ಕೆಲಸ ಅಲ್ಲ, ವಾದ್ಯ ಅದು. ಎರಡು ಬಗೆ ಇದೆ. ಒಂದು ಕೈಯ ಬೆರಳುಗಳನ್ನು ಇನ್ನೊಂದರ ಅಂಗೈಗೆ ಬಿಗಿಯಾಗಿ ಹೊಡೆದರೆ ಚುರುಕು ಸದ್ದು. ಎರಡೂ ಅಂಗೈ ಬಟ್ಟಲು ಮಾಡಿ ತಟ್ಟಿದರೆ ಮಂದ ಸದ್ದು. ಹಾಡುವವರು ಮೆಲ್ಲಗೆ ಹಾಡುವಾಗ ಮಂದ, ದನಿ ಏರಿದಾಗ ಚುರುಕು. ಹೆಡ್‌ಫೋನ್ ಹಾಕಿಕೊಂಡು ‘ಎಯಾಎಯಾ’ ಕೇಳುವಾಗ ದನಿಯನ್ನು ಬಿಟ್ಟು ಕೈಗಳ ಕಡೆ ಮಾತ್ರ ಗಮನ ಕೊಡಿ. ಬೇರೆಯೇ ಹಾಡು ಕೇಳಿದ ಹಾಗಿರುತ್ತದೆ.

ತೊಂದರೆ ಇರುವುದೂ ಇಲ್ಲೇ ಅನಿಸುತ್ತದೆ. ಸಭಾಂಗಣದಲ್ಲಿ ಸಾವಿರಾರು ಜನ ಎಲ್ಲ ಹಾಡಿಗೂ ಒಂದೇ ಥರ ಚಪ್ಪಾಳೆ ಹಾಕುತ್ತಾರೆ, ನಾಲ್ಕರ ಲೆಕ್ಕದಲ್ಲಿ. ಬುಲೆರೀಯಾಕ್ಕೆ ಅದು ಕೂರುವುದಿಲ್ಲ. ಜನರಿಗೆ ಹಾಡಿನೊಳಗೆ ಬರುವುದಕ್ಕೆ ಆಸೆ ಇದ್ದರೂ ಬಾಗಿಲು ಎಲ್ಲಿದೆ ಅಂತ ಗೊತ್ತಾಗಲಿಲ್ಲ. ಹಾಗಂತ ತಾಳ ಸುಲಭ ಮಾಡಬೇಕಿತ್ತು ಅಂತ ನಾನು ಹೇಳಲ್ಲ. ನಾಲ್ಕರ ತಾಳಕ್ಕೆ ಇಳಿಸಿದ್ದರೆ ಆ ಹಾಡು ಇರುತ್ತಲೇ ಇರಲಿಲ್ಲ.

ಪಾಪ್_ಪ್ರಿಯೆ

ತಕಿಟತಕ ಮೇಡಂ, ನೀವು ಹೇಳಿದ ಹಾಗೆ ತಟ್ಟಿಕೊಂಡು ಕೇಳಿದೆ. ಚೆನ್ನಾಗಿದೆ, ನಿಜವಾಗ್ಲೂ ಚೆನ್ನಾಗಿದೆ. ಆದರೂ ನನ್ನ ಮಾತು ಅಲ್ಲೇ ಇದೆ. ಪಾಠ ಹೇಳಿದ ಮೇಲೆ ಹಿಡಿಸುವ ಹಾಡು ಒಂದೇ ರಾತ್ರಿಯ ಸ್ಪರ್ಧೆಯಲ್ಲಿ ಜನರ ಮತ ಗೆಲ್ಲುವುದು ಕಷ್ಟ.

ಊರೂರು_ಅಲೆಮಾರಿ

ಫ್ಲಮೆಂಕೊ ಅಂದರೆ ನಮ್ಮದೇ ಅಲ್ವಾ? ರಾಜಸ್ಥಾನದಿಂದ ಹೋದ ಜಿಪ್ಸಿಗಳು ಕಥಕ್ ತಗೊಂಡು ಹೋಗಿ ಸ್ಪೇನಿನಲ್ಲಿ ಫ್ಲಮೆಂಕೊ ಮಾಡಿದರು ಅಂತ ಓದಿದ್ದೆ. ಹಾಗಾಗಿಯೇ ನಮ್ಮ ತಾಳದವರಿಗೆ ಬೇಗ ಹತ್ತುವುದು.

ಕಡಲಾಚೆ_ಓದುಗ

ಇದು ಅರ್ಧ ನಿಜ, ಅರ್ಧ ಕಟ್ಟುಕತೆ. ಬಿಡಿಸಿ ಹೇಳುತ್ತೇನೆ.

ಜಿಪ್ಸಿ ಅಂತ ಕರೆಯುವ ರೊಮಾ ಜನರ ಮೂಲ ಭಾರತದ ಉಪಖಂಡ ಅನ್ನುವುದರಲ್ಲಿ ಅನುಮಾನ ಇಲ್ಲ. ಅವರ ರೊಮಾನಿ ಭಾಷೆ ಹಿಂದಿ, ಪಂಜಾಬಿಗಳ ಕುಟುಂಬದ್ದೇ. ಅವರು ಸ್ಪೇನ್ ತಲುಪಿದ್ದು 15ನೇ ಶತಮಾನದಲ್ಲಿ. ಫ್ಲಮೆಂಕೊ ಈಗ ನಮಗೆ ಗೊತ್ತಿರುವ ರೂಪಕ್ಕೆ ಬಂದದ್ದು ತುಂಬ ಆಮೇಲೆ, 18 ಮತ್ತು 19ನೇ ಶತಮಾನಗಳಲ್ಲಿ, ಅದೂ ದಕ್ಷಿಣ ಸ್ಪೇನಿನ ಆಂಡಲೂಸಿಯಾದಲ್ಲಿ. ಅಲ್ಲಿಯ ಜನಪದ ಹಾಡು, ಅರಬ್ಬರ ಕಾಲದ ಸಂಗೀತದ ಉಳಿಕೆ, ರೊಮಾ ಜನರ ಗಾಯನ ಎಲ್ಲ ಬೆರೆತು ಆದದ್ದು. ನಡುವೆ ಶತಮಾನಗಳೇ ಕಳೆದಿವೆ. ಕಾಲು ತಟ್ಟುವುದು ಎರಡರಲ್ಲೂ ಇದೆ ಅಂತ ಕಥಕ್‌ನಿಂದಲೇ ನೇರವಾಗಿ ಬಂತು ಅನ್ನುವುದು ಸರಿಯಲ್ಲ. ಸ್ಪೇನಿನ ರೊಮಾ ಸಮುದಾಯ ಎಷ್ಟೋ ತಲೆಮಾರು ಅವಮಾನ, ಕಾನೂನಿನ ಕಿರುಕುಳ ತಿಂದುಕೊಂಡು ಆ ಕಲೆಯನ್ನು ಉಳಿಸಿದೆ. ಅದನ್ನು ‘ನಮ್ಮದೇ’ ಅಂತ ಎತ್ತಿಕೊಳ್ಳುವುದು ಅವರಿಗೆ ಮಾಡುವ ಅನ್ಯಾಯ.

ಹಳೇ_ಕ್ಯಾಸೆಟ್

ಹಳೆಯ ಕತೆ ಗೊತ್ತಿದ್ದರೆ ಈ 5 ಅಂಕದ ನೋವು ಇನ್ನೂ ಜಾಸ್ತಿ ಆಗುತ್ತದೆ.

1983, ಮ್ಯೂನಿಕ್. ಸ್ಪೇನ್ ಕಳಿಸಿದ್ದು ರೆಮೆದಿಯೋಸ್ ಅಮಾಯಾ ಅವರನ್ನು, ಸೆವಿಲ್ಲೆಯ ರೊಮಾ ಗಾಯಕಿ. ಹಾಡು ‘ಕ್ಯೆನ್ ಮನೇಹಾ ಮಿ ಬಾರ್ಕಾ’. ಫ್ಲಮೆಂಕೊ ಕೂಗಿಗೆ ರಾಕ್ ವಾದ್ಯ. ಬರಿಗಾಲಲ್ಲಿ ನಿಂತು ಹಾಡಿದರು. ಸಿಕ್ಕ ಅಂಕ ಸೊನ್ನೆ. ಆಗ ಜನರ ಮತ ಇರಲೇ ಇಲ್ಲ, ಎಲ್ಲ ಜ್ಯೂರಿಯೇ. ಸರಿಯಾಗಿ ನಲವತ್ತು ವರ್ಷ ಆದಮೇಲೆ ಜ್ಯೂರಿಗಳು ಫ್ಲಮೆಂಕೊಗೆ 95 ಕೊಟ್ಟರು, ಜನ ಹಿಂದೆ ಸರಿದರು.

ಆದರೆ 1990 ಬೇರೆ ಥರ. ಝಾಗ್ರೆಬ್‌ನಲ್ಲಿ ಸ್ಪೇನಿನ ಅಕ್ಕ ತಂಗಿ ಜೋಡಿ ಅಸುಕಾರ್ ಮೊರೆನೊ ‘ಬಂದಿದೊ’ ಹಾಡಿದರು. ಅವರೂ ರೊಮಾ ಸಮುದಾಯದವರೇ. ಫ್ಲಮೆಂಕೊ ಬೆರೆತ ಡ್ಯಾನ್ಸ್ ಹಾಡು. ಆ ರಾತ್ರಿಯ ಮೊದಲ ಹಾಡೇ ಅವರದ್ದು. ಹಿನ್ನೆಲೆ ಟೇಪು ಕೈಕೊಟ್ಟಿತು, ವಾದ್ಯವೃಂದಕ್ಕೂ ಅದಕ್ಕೂ ಹೊಂದಲಿಲ್ಲ. ಇಬ್ಬರೂ ವೇದಿಕೆ ಬಿಟ್ಟು ನಡೆದರು. ಮತ್ತೆ ಮೊದಲಿಂದ ಶುರು ಮಾಡಿದಾಗ ವಾಪಸ್ ಬಂದು ಎಂಥಾ ಹಾಡು ಹಾಡಿದರು! 5ನೇ ಸ್ಥಾನ. ಆ ದೃಶ್ಯ ಈಗಲೂ ಯೂಟ್ಯೂಬ್‌ನಲ್ಲಿ ಸಿಗುತ್ತದೆ. ಹಾಡು ಹಾಳಾದಾಗ ಕಕ್ಕಾಬಿಕ್ಕಿ ಆಗದೆ ಹೊರಗೆ ನಡೆಯುವುದಿದೆಯಲ್ಲ, ಅದನ್ನು ನೋಡಬೇಕು ನೀವು.

ಹಾಗಾಗಿ ಫ್ಲಮೆಂಕೊ ಯೂರೋಪಿಗೆ ಅರ್ಥ ಆಗಲ್ಲ ಅನ್ನುವುದೂ ಪೂರ್ತಿ ಸರಿಯಲ್ಲ.

ಪಾಪ್_ಪ್ರಿಯೆ

‘ಬಂದಿದೊ’ ಕುಣಿಸುತ್ತದೆ. ಅದೇ ನಾನು ಹೇಳುತ್ತಿರುವುದು.

ಮ್ಯಾಡ್ರಿಡ್‌ನಲ್ಲಿ_ಒಬ್ಬ

ಸ್ಪೇನಿನಲ್ಲಿ ಕೆಲಸ ಮಾಡುತ್ತಿದ್ದೇನೆ, ಹಾಗಾಗಿ ಇಲ್ಲಿಯ ಮಾತು ಸ್ವಲ್ಪ ಹೇಳುತ್ತೇನೆ. ಸ್ಪೇನಿನ ಹಾಡನ್ನು ಆರಿಸುವುದು ಬೆನಿಡೋರ್ಮ್ ಫೆಸ್ಟ್‌ನಲ್ಲಿ. 2022ರಲ್ಲಿ ಶುರುವಾಯಿತು. ಮೊದಲ ವರ್ಷವೇ ದೊಡ್ಡ ಗಲಾಟೆ. ವಾಯವ್ಯ ಸ್ಪೇನಿನ ಗಲೀಸಿಯಾದ ಮೂವರು ಹೆಂಗಸರ ತಂಡ ತಂಶುಗೇಯ್ರಾಸ್ ಗಲೀಷಿಯನ್ ಭಾಷೆಯಲ್ಲಿ, ಕಂಜಿರದಂಥ ಟ್ಯಾಂಬೊರಿನ್ ಬಾರಿಸಿಕೊಂಡು ‘ತೆರ್ರಾ’ ಹಾಡಿತ್ತು. ಜನರ ಮತದಲ್ಲಿ ಅವರೇ ಮೊದಲು, ಉಳಿದವರು ಹತ್ತಿರವೂ ಇರಲಿಲ್ಲ. ಜ್ಯೂರಿ ಅಂಕದಿಂದ ಗೆದ್ದದ್ದು ಶನೆಲ್. ಅವರ ಮೇಲೆ ಬಂದ ಬೈಗುಳ ಒಂದೆರಡಲ್ಲ. ಅದೇ ಶನೆಲ್ ಟ್ಯೂರಿನ್‌ನ ಯೂರೋವಿಷನ್‌ನಲ್ಲಿ 3ನೇ ಸ್ಥಾನ ತಂದಾಗ ಬೈದವರೇ ಹೊತ್ತು ಮೆರೆಸಿದರು. ಅದನ್ನು ನೋಡಿ ನನಗೆ ಬೇಜಾರೂ ಆಯಿತು, ಖುಷಿಯೂ ಆಯಿತು.

2023ರಲ್ಲಿ ‘ಎಯಾಎಯಾ’ ಗೆದ್ದಾಗ ಅಂಥ ಗಲಾಟೆ ಇರಲಿಲ್ಲ. ಆದರೆ ಅದೇ ಸ್ಪರ್ಧೆಯಲ್ಲಿ ಸೋತ ವಿಕ್ಕೊ ಅವರ ‘ನೊಚೆಂತೇರಾ’ ಆ ಬೇಸಿಗೆಯಲ್ಲಿ ಎಲ್ಲಿ ಹೋದರೂ ಕೇಳುತ್ತಿತ್ತು. ಅಂಗಡಿ, ಬಾರು, ಮದುವೆ ಮನೆ. ಅದನ್ನೇ ಕಳಿಸಿದ್ದರೆ ಅನ್ನುವವರು ಈಗಲೂ ಇದ್ದಾರೆ. ನನ್ನನ್ನು ಕೇಳಿದರೆ, ‘ನೊಚೆಂತೇರಾ’ ಥರದ ಹಾಡು ಯೂರೋಪಿನ ಎಲ್ಲ ದೇಶದಲ್ಲೂ ಹುಟ್ಟುತ್ತದೆ. ‘ಎಯಾಎಯಾ’ ಸ್ಪೇನಿನಲ್ಲಿ ಮಾತ್ರ ಹುಟ್ಟಲು ಸಾಧ್ಯ.

ಹೊಸಬ_ಇಲ್ಲಿಗೆ

ಒಂದು ಅರ್ಥ ಆಗುತ್ತಿಲ್ಲ. ಸ್ಪ್ಯಾನಿಷ್ ಮಾತಾಡುವವರು ಜಗತ್ತಿನಲ್ಲಿ ಐವತ್ತು ಕೋಟಿಯಷ್ಟು ಇದ್ದಾರೆ. ಅವರೆಲ್ಲ ಎಲ್ಲಿ ಹೋದರು?

ಲೆಕ್ಕದ_ಮೇಷ್ಟ್ರು

ಅವರೆಲ್ಲ ಅಟ್ಲಾಂಟಿಕ್ ಆಚೆ ಇದ್ದಾರೆ ಅನ್ನುವುದೇ ಸಮಸ್ಯೆ. ಸ್ಪರ್ಧೆಯಲ್ಲಿದ್ದ ದೇಶಗಳ ಪೈಕಿ ಸ್ಪ್ಯಾನಿಷ್ ಮನೆಮಾತಾಗಿರುವುದು ಸ್ಪೇನ್ ಒಂದೇ. ತನ್ನ ದೇಶಕ್ಕೆ ತಾನೇ ಮತ ಹಾಕುವ ಹಾಗಿಲ್ಲ. ಪಕ್ಕದ ಅಂಡೋರಾ 2004ರಿಂದ 2009ರವರೆಗೆ ಬಂತು, ಆಮೇಲೆ ಬಿಟ್ಟಿತು. ಗ್ರೀಸಿಗೆ ಸೈಪ್ರಸ್ ಇರುವ ಹಾಗೆ ಸ್ಪೇನಿಗೆ ಭಾಷೆಯ ನೆಂಟ ಅಂತ ಇನ್ನೊಂದು ದೇಶ ಇಲ್ಲ.

2023ರಲ್ಲಿ ಹೊಸ ನಿಯಮ ಬಂತು. ಸ್ಪರ್ಧೆಯಲ್ಲಿ ಇಲ್ಲದ ದೇಶದವರೂ ಆನ್‌ಲೈನ್‌ನಲ್ಲಿ ಮತ ಹಾಕಬಹುದು. ಬೆಂಗಳೂರಿನಿಂದಲೂ ಹಾಕಬಹುದು. ಆದರೆ ಮೆಕ್ಸಿಕೊ, ಅರ್ಜೆಂಟೀನಾ, ಅಮೆರಿಕ, ನಾವು, ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿ ಒಂದು ದೇಶ ಅಂತ ಎಣಿಸುತ್ತಾರೆ. ಲ್ಯಾಟಿನ್ ಅಮೆರಿಕ ಪೂರ್ತಿ ಎದ್ದು ನಿಂತು ಮತ ಹಾಕಿದರೂ ಸಿಗುವುದು ಹೆಚ್ಚೆಂದರೆ 12 ಅಂಕ. ಸಾನ್ ಮರೀನೊ ಅನ್ನುವ ಪುಟ್ಟ ದೇಶಕ್ಕೂ ಅಷ್ಟೇ ತೂಕ. ಆ ವರ್ಷ ಆ ಬುಟ್ಟಿಯ 12 ಅಂಕ ಹೋದದ್ದು ಇಸ್ರೇಲಿಗೆ.

ಹಳೇ_ಕ್ಯಾಸೆಟ್

ಅಂಕಕ್ಕೂ ಹಾಡಿನ ಆಯಸ್ಸಿಗೂ ಸಂಬಂಧ ಇಲ್ಲ ಅನ್ನುವುದಕ್ಕೆ ಸ್ಪೇನಿನದೇ ಉದಾಹರಣೆ ಇದೆ. 1973ರಲ್ಲಿ ಬಿಲ್ಬಾವೊದ ಮೊಸೆದಾದೆಸ್ ತಂಡ ‘ಎರೆಸ್ ತು’ ಹಾಡಿ ಎರಡನೇ ಸ್ಥಾನಕ್ಕೆ ನಿಂತಿತು. ಗೆದ್ದ ಲಕ್ಸೆಂಬರ್ಗ್‌ಗೆ 129, ಇವರಿಗೆ 125. ಮುಂದಿನ ವರ್ಷ ಅದೇ ಹಾಡು, ಅದೇ ಸ್ಪ್ಯಾನಿಷ್‌ನಲ್ಲೇ, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 9ನೇ ಸ್ಥಾನಕ್ಕೆ ಏರಿತು. ಲ್ಯಾಟಿನ್ ಅಮೆರಿಕದ ಮದುವೆಗಳಲ್ಲಿ ಇವತ್ತಿಗೂ ಹಾಡುತ್ತಾರೆ.

ಪಾಪ್_ಪ್ರಿಯೆ

ಅದು ಸರಿ. ಆದರೆ 2023ರ ನಂತರ ಸ್ಪೇನ್ ಜನರನ್ನು ಕುಣಿಸುವ ಹಾಡುಗಳನ್ನೇ ಕಳಿಸಿತಲ್ಲ? 2024ರಲ್ಲಿ ನೆಬುಲೊಸ್ಸಾ ಜೋಡಿ, ಮಾಲ್ಮೋದಲ್ಲಿ ಸಭಾಂಗಣವೇ ಜೊತೆಗೆ ಹಾಡಿತು. 30 ಅಂಕ, 22ನೇ ಸ್ಥಾನ. 2025ರಲ್ಲಿ ಮೆಲೊಡಿ, ಬಾಸೆಲ್‌ನಲ್ಲಿ ಕುಣಿದು ಹಾಡಿ 37 ಅಂಕ, 24ನೇ ಸ್ಥಾನ. ಕುಣಿತ ಒಂದೇ ಸಾಲದು ಅಂತ ಇದರಿಂದ ನನಗೂ ಅನಿಸುತ್ತಿದೆ. ಹಾಗಾದರೆ ಸ್ಪೇನ್ ಏನು ಕಳಿಸಬೇಕು?

ಮ್ಯಾಡ್ರಿಡ್‌ನಲ್ಲಿ_ಒಬ್ಬ

2026ಕ್ಕಂತೂ ಏನೂ ಇಲ್ಲ. ಇಸ್ರೇಲ್ ಭಾಗವಹಿಸುವ ಕಾರಣಕ್ಕೆ ವಿಯೆನ್ನಾಕ್ಕೆ ಹೋಗುವುದಿಲ್ಲ ಅಂತ ಸ್ಪೇನಿನ ಟಿವಿ ಸಂಸ್ಥೆ 2025ರ ಡಿಸೆಂಬರ್‌ನಲ್ಲಿ ಹೇಳಿತು. ನೆದರ್‌ಲ್ಯಾಂಡ್ಸ್, ಐರ್ಲೆಂಡ್, ಸ್ಲೊವೇನಿಯಾ ಕೂಡ ಹಿಂದೆ ಸರಿದವು. 1961ರಿಂದ ಒಂದು ವರ್ಷವೂ ತಪ್ಪಿಸದೆ ಬಂದ ದೇಶ ಇದು.

ನಡುರಾತ್ರಿ_ಕೇಳುಗ

ಪಾಪ್_ಪ್ರಿಯೆ ಅವರ ಪ್ರಶ್ನೆಗೆ ನನ್ನ ಉತ್ತರ: ‘ಎಯಾಎಯಾ’ ಥರದ್ದನ್ನೇ ಕಳಿಸಬೇಕು. 22, 24ನೇ ಸ್ಥಾನಕ್ಕೆ ಬಂದ ಹಾಡುಗಳಿಗಿಂತ ಇದು ಮೇಲೆ, 17ರಲ್ಲಿ ನಿಂತಿತು ಅನ್ನುವುದನ್ನೂ ನೋಡಿ. ಜ್ಯೂರಿಯ 95 ಸಣ್ಣ ಮಾತಲ್ಲ. ಹಾಡು ಕಟ್ಟುವ, ಹಾಡುವ, ಸಂಗೀತ ಕಲಿಸುವ ಜನ ಅವರು. ದೇಶ ದೇಶದಲ್ಲೂ ಕೂತು ಕೇಳಿ, ಇದು ಮೇಲಿನ ಹತ್ತರಲ್ಲಿ ಇರಬೇಕು ಅಂದರು.

ಬದಲಾಯಿಸಬೇಕಾದ್ದು ಒಂದಿದ್ದರೆ, ತಕಿಟತಕ ಹೇಳಿದ ಆ ಬಾಗಿಲು. ಮೊದಲ ಅರ್ಧ ನಿಮಿಷ ಬರೀ ಚಪ್ಪಾಳೆ ಇಡಬಹುದಿತ್ತು, ಕ್ಯಾಮೆರಾ ಮುಖ ಬಿಟ್ಟು ಕೈಗಳ ಮೇಲೆ ನಿಲ್ಲಬಹುದಿತ್ತು. ನೋಡುವವರು ಎರಡು ಸುತ್ತು ತಾಳ ಹಿಡಿದುಕೊಂಡ ಮೇಲೆ ಬ್ಲಾಂಕಾ ದನಿ ಬಂದಿದ್ದರೆ ಕತೆ ಬೇರೆ ಆಗುತ್ತಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ.

ತಕಿಟತಕ

ಅದು ಒಳ್ಳೇ ಯೋಚನೆ. ಆದರೆ ಅರ್ಧ ನಿಮಿಷ ಜಾಸ್ತಿ ಆಯಿತು, 3 ನಿಮಿಷದ ಹಾಡಲ್ಲಿ ಅಷ್ಟು ಬಿಟ್ಟುಕೊಡಲು ಆಗಲ್ಲ. ನಾಲ್ಕು ಸುತ್ತು ಸಾಕು. ಮೊದಲ ಎರಡು ಮಂದ ಚಪ್ಪಾಳೆ, ಮೂರನೆಯದರಿಂದ ಚುರುಕು, ನಾಲ್ಕನೆಯದರ ಹತ್ತನೇ ಏಟಿಗೆ ನಿಲ್ಲಿಸಿ ಹಾಡು ಎತ್ತಿಕೊಳ್ಳಬೇಕು. ಬುಲೆರೀಯಾದಲ್ಲಿ ಮುಕ್ತಾಯ ಬೀಳುವುದು ಆ ಹತ್ತರ ಮೇಲೇ.